ಬೈಟು

ಕೌಲ್ ಬಜಾರಿನಾಗ ಒಂದು ಓಣಿ ಐತಿ,
ಬಾಯಿ ಐತಿ, ಬಾಲ ಇಲ್ಲ.
ಹೊಕ್ಕಷ್ಟೂ ಸಣ್ಣಾಗಿ, ಕೊನಿಗೆ ಒಂದು ಗ್ವಾಡಿ,
ಗ್ವಾಡಿಯ ಆ ಕಡೆ ಗುಡ್ಡದ ಕಲ್ಲು,
ಬ್ಯಾಸಿಗ್ಯಾಗ ರಾತ್ರಿ ಹತ್ತಾದರೂ ಮುಟ್ಟಿದರ ಸುಡತೈತಿ.

ಅಲ್ಲೇ ಯರ್ರೆಮ್ಮನ ಕಾಫಿ ಅಂಗಡಿ.
ಬೋರ್ಡಿಲ್ಲ. ಡಿಕಾಕ್ಷನ್ ವಾಸನಿನೇ ಬೋರ್ಡು.
ನಾನು ಜೀನ್ಸ್ ಯೂನಿಟ್ಟಿನಾಗ
ಬಲಗಡೆ ಜೇಬಿನೊಳಗಿನ ಸಣ್ಣ ಜೇಬು ಹೊಲಿಯಾಕಿ,
ದಿನಕ್ಕ ನಾಲ್ಕುನೂರು.
ಅದರಾಗ ಯಾರು ಏನಿಡ್ತಾರಂತ ಇನ್ನೂ ಗೊತ್ತಾಗಿಲ್ಲ.
ಈ ಅಂಗಡಿ ಕಂಡ ದಿನ ಅನಿಸ್ತು,
ಬಳ್ಳಾರಿ ತನ್ನ ಸಣ್ಣ ಜೇಬಿನಾಗ ಇದನ್ನ ಇಟ್ಕೊಂಡೈತಿ.

ಎರಡು ಬೆಂಚು, ಒಂದರ ಕಾಲಿಗೆ ಇಟ್ಟಿಗಿ.
ಒಂದೇ ಕಾನೂನು: ಇಡೀ ಕಾಫಿ ಇಲ್ಲ, ಬರೇ ಬೈಟು.
ಒಬ್ಬರೇ ಬಂದರ ಕುಂದರಬೇಕು
ಇನ್ನೊಬ್ಬರು ಬರೂತನಕ.
ಯಾಕ ಅಂತ ಕೇಳಿದವರಿಗೆ ಒಂದೊಂದು ಕತಿ ಹೇಳ್ಯಾಳ.
ನನಗ ಹೇಳಿದ್ದು: "ಗ್ಲಾಸು ಸಣ್ಣವು ಅದಾವವ್ವಾ."

ಹಿಂಗಾಗಿ ಮೂರು ವರ್ಷದಾಗ
ಯಾರ್ಯಾರ ಜೋಡಿ ಅರ್ಧ ಕುಡಿದೀನಿ!
ಬಟನ್ ಹೊಡೆಯೋ ಮಾಬುನ್ನಿ,
ಗುಜರಿ ಗಾಡಿಯ ಗಾದಿಲಿಂಗ,
ದಾರಿ ತಪ್ಪಿ ಬಂದ ಕೊರಿಯರ್ ಹುಡುಗ,
ಹಲ್ಲು ಕೀಳಿಸ್ಕೊಂಡು ಬಂದು, ಅರ್ಧದಾಗ ಅರ್ಧಾನೂ ಕುಡಿಯದ
ಒಬ್ಬ ಮುದುಕ.
ಗ್ಲಾಸು ಅದಲುಬದಲು ಆಗಂಗಿಲ್ಲ.
ನೀಲಿ ಬೆರಳಿನ ಗುರುತು ಯಾವುದಕ್ಕೈತೋ ಅದು ನಂದು.

ಆ ಬುಧವಾರ ಹಾಲು ಮುಗಿದಿತ್ತು.
ಯರ್ರೆಮ್ಮ ಒಳಗಿಂದ ತೆಲುಗಿನಾಗ ಕೂಗಿದಳು:
"ಪಾಲು ಲೇವು!"
ತೆಲುಗಿನಾಗ ಹಾಲಿಗೂ ಪಾಲು, ಪಾಲಿಗೂ ಪಾಲು.
ನನಗ ಕೇಳಿಸಿದ್ದು ಎರಡನೇದು.
ಇದೇ ಮಾತು, ಇಷ್ಟೇ ಚುಟುಕಾಗಿ, ಕನ್ನಡದಾಗ,
ಅಪ್ಪನ ಹನ್ನೊಂದನೇ ದಿನ ಹಿತ್ತಲದಾಗ ನಿಂತು
ನಮ್ಮಣ್ಣ ಪಂಪಣ್ಣ ಅಂದಿದ್ದ.
ಆವತ್ತಿನಿಂದ ವಕೀಲರು ಮಾತಾಡ್ತಾರ,
ನಾವು ಮಾತಾಡಂಗಿಲ್ಲ.

ಹಾಲು ಬಂತು. ಜೊತಿಗಾರರು ಬರಲಿಲ್ಲ.
ಕಾಯ್ದೆ.
ಬಗ್ಗಿ ಒಳಗ ಬಂದವನು ತಲಿ ಎತ್ತಿದ ಮ್ಯಾಲೆ ಗೊತ್ತಾತು,
ಪಂಪಣ್ಣ.
ಕೂದಲ ಉದುರ್ಯಾವ. ಅಪ್ಪನ ವಾಚು ಕಟ್ಯಾನ.
ತಿರುಗಿ ಹೋಗೋಣಂದ್ರ ಬಾಗಿಲಿಗೆ ಯಾರೋ ಸೈಕಲ್ ಆನಿಸಿದ್ರು.
ಯರ್ರೆಮ್ಮಗ ಏನೂ ಗೊತ್ತಿದ್ದಿಲ್ಲ,
ಅಥವಾ ಗೊತ್ತಿತ್ತೋ ಏನೋ, ಆಕಿ ಮಾರಿ ಓದಾಕ ಬರಂಗಿಲ್ಲ.
ಎತ್ತರದಿಂದ ಒಂದು ಧಾರಿ, ಕೆಳಗ ಎರಡು ಗ್ಲಾಸು,
"ಬೈಟು" ಅಂದಳು.

ನನ್ನದರಾಗ ಒಂದು ಬೆರಳು ಹೆಚ್ಚಿತ್ತು.
ಅವನೂ ನೋಡಿದ. ನಾನು ನೋಡಿದ್ದನ್ನೂ ನೋಡಿದ.
ಸೋಮವಾರ ತಾರೀಖು, ಇಬ್ಬರಿಗೂ ನೆನಪೈತಿ.
ಸಣ್ಣಾಕಿ ಇದ್ದಾಗ ನನ್ನ ಬಟ್ಟಲದ ಕೆನಿ
ಬೆರಳಿಗೆ ಸುತ್ಕೊಂಡು ನುಂಗಿ
ಬೆಕ್ಕಿನ ಮ್ಯಾಲೆ ಹೇಳ್ತಿದ್ದ ಇವನು.
ಈಗ ಕೆನಿ ತಾನಾಗೇ ಅವನ ಗ್ಲಾಸಿಗೆ ಬಿದ್ದೈತಿ,
ಊದಿ ಊದಿ ದಂಡಿಗೆ ಸರಿಸಾಕತ್ತಾನ.

ಎಂಟು ರೂಪಾಯಿ ಎಣಿಸಿಟ್ಟ, ತನ್ನ ಅರ್ಧದ್ದು.
ಎದ್ದು, ಸೈಕಲ್ ಸರಿಸಿ,
ಎಡಕ್ಕ ಹೋದ. ಗ್ವಾಡಿ ಇರೋ ಕಡೆ.

ಬಾಗಿಲದಾಗ ನಿಂತೆ. ಕರೀಲಿಲ್ಲ.
ಗ್ವಾಡಿ ಮುಟ್ಟಿ ತಿರುಗಿದ.
ಮತ್ತ ಅಂಗಡಿ ಮುಂದನೇ ಹಾಯಬೇಕಲ್ಲ.
"ಈ ಕಡೆ ದಾರಿ ಇಲ್ಲೇನು?"
ಯಾರಿಗೆ ಕೇಳಿದನೋ, ವಾಚು ನೋಡ್ಕೋತ.
"ಇಲ್ಲ" ಅಂದೆ. "ಬಂದ ದಾರೀನೇ."

ಒಳಗ ಯರ್ರೆಮ್ಮ ಗ್ಲಾಸು ತೊಳೆಯಾಕತ್ತಿದ್ದಳು,
ಒಂದಕ್ಕ ನೀಲಿ, ಇನ್ನೊಂದಕ್ಕ ಕೆನಿ.
ಇಟ್ಟಿಗಿ ಕಾಲಿನ ಬೆಂಚಿನ ಮ್ಯಾಲೆ ಆಗಲೇ ಯಾರೋ ಕುಂತು
ಬಾಗಿಲ ಕಡೆ ನೋಡಾಕತ್ತಿದ್ರು.